ಗೋಡೆಯವರ ಹಿಮ್ಮಡಿ

ಗೋಡೆ ಮೊದಲು ಬಂತೋ ಊರು ಮೊದಲು ಬಂತೋ ಯಾರಿಗೂ ಗೊತ್ತಿರಲಿಲ್ಲ. ಹೊರಗಿನದು ಯಾವುದೂ ಒಳಗೆ ಬರಕೂಡದು ಎಂಬುದು ಆ ಊರಿನ ಕಟ್ಟಳೆ. ಹೊರಗಿನ ಮನುಷ್ಯರು ಬರಕೂಡದು, ಹೊರಗಿನ ಕಾಳು ಬರಕೂಡದು, ಹೊರಗಿನ ಮಾತು ಬರಕೂಡದು. ಸುದ್ದಿ ಮಾತ್ರ ಬರಬಹುದಿತ್ತು. ಅದು ಬರಲಿಕ್ಕೆಂದೇ ಗೋಡೆಯವರಿದ್ದರು.

ಗೋಡೆಯವರೆಂದರೆ ಗೋಡೆಯೊಳಗೇ ಕೂತವರು. ಮುಖ, ಎದೆ, ಕೈ ಹೊರಗೆ. ಸೊಂಟ ಕಲ್ಲಿನ ನಡುವೆ. ಕಾಲು ಒಳಗೆ, ಊರಿನ ಕಡೆಗೆ. ಹನ್ನೆರಡನೆಯ ವಯಸ್ಸಿಗೆ ಅವರನ್ನು ಅಲ್ಲಿ ಕೂರಿಸುತ್ತಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಲ್ಲು ಮೈಗೆ ಹೊಂದಿಕೊಳ್ಳುತ್ತಿತ್ತು, ಮೈ ಕಲ್ಲಿಗೆ ಹೊಂದಿಕೊಳ್ಳುತ್ತಿತ್ತು. ಆಮೇಲೆ ಎಲ್ಲಿ ಮೈ ಮುಗಿಯಿತು, ಎಲ್ಲಿ ಕಲ್ಲು ಶುರುವಾಯಿತು ಎಂದು ಅವರೇ ಹೇಳಲಾರರು.

ಸುದ್ದಿ ತಂದ ಹೊರಗಿನವರು ಬಾಯಿಂದ ಹೇಳುವಂತಿರಲಿಲ್ಲ, ಗುರುತು ತರಬೇಕಿತ್ತು. ಸಾವಾದರೆ ಬೂದಿಯ ಉಂಡೆ. ನೀರು ಕೆಟ್ಟರೆ ಏಡಿಯ ಚಿಪ್ಪು. ನೆಲ ಹಸಿರಾಗಿದೆ, ಊರು ಬೆಳೆಯಬಹುದು ಎನ್ನುವುದಕ್ಕೆ ಹೊನ್ನೆ ಮರದ ಗಂಟು. ಒಂದೊಂದು ಗುರುತಿಗೆ ಒಬ್ಬೊಬ್ಬರು ಗೋಡೆಯವರು. ಬೂದಿಯ ಉಂಡೆಯನ್ನು ಹೊನ್ನೆಯ ಕೈಯಲ್ಲಿಟ್ಟರೆ ಅದು ಉರುಳಿ ಬೀಳುತ್ತಿತ್ತು. ತನ್ನ ಗುರುತೇ ಅಂಗೈಯಲ್ಲಿ ಕೂತರೆ ಬೆರಳು ಮುಚ್ಚುತ್ತಿತ್ತು, ಮಣಿಕಟ್ಟು ತಿರುಗುತ್ತಿತ್ತು, ಹೆಗಲು ತಿರುಗುತ್ತಿತ್ತು, ಬೆನ್ನು ಕಲ್ಲಿನೊಳಗೇ ನುಲಿಯುತ್ತಿತ್ತು, ಆಚೆ ಊರೊಳಗೆ ಹಿಮ್ಮಡಿ ಮೇಲೆದ್ದು ಮರದ ಹಲಗೆಯ ಮೇಲೆ ಬೀಳುತ್ತಿತ್ತು. ಧಪ್. ಹಲಗೆಯ ಬಳಿ ಕಾದು ಕೂತ ಓಡುವವರು ಎದ್ದು ಓಡುತ್ತಿದ್ದರು. ಒಬ್ಬ ಹತ್ತು ಜನರನ್ನು ಎಬ್ಬಿಸುತ್ತಿದ್ದ, ಹತ್ತು ಜನ ನೂರು ಬಾಗಿಲು ಬಡಿಯುತ್ತಿದ್ದರು. ಗುರುತು ಮಾತ್ರ ಹೊರಗೇ, ಮಣ್ಣಿನಲ್ಲಿ, ಬಿದ್ದಿರುತ್ತಿತ್ತು.

ಈ ಊರಿನಲ್ಲಿ ನೋಡುವವಳೊಬ್ಬಳಿದ್ದಳು. ಅವಳಿಗೆ ಎಂಟು ವರ್ಷವಾಗಿದ್ದಾಗ ಅವಳ ಅಕ್ಕನನ್ನು ಗೋಡೆಯಲ್ಲಿ ಕೂರಿಸಿದರು. ಹೊನ್ನೆಯ ಗಂಟು ಅಕ್ಕನ ಪಾಲಿಗೆ ಬಂದಿತ್ತು.

ಊರವರು ಹೊರಗೆ ಹೋಗಲಿಕ್ಕೆ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಬಗ್ಗಿ ಹೋಗಬೇಕು, ಬಗ್ಗಿ ಬರಬೇಕು. ಬರುವಾಗ ಕಿಂಡಿಯ ಬಳಿಯ ಬಾನಿಯಿಂದ ನೀರು ತೆಗೆದು ಮೂರು ಸಲ ಬಾಯಿ ಮುಕ್ಕಳಿಸಿ ಉಗಿಯಬೇಕು. ಹೊರಗೆ ಕೇಳಿದ್ದು, ಹೊರಗೆ ಕಂಡದ್ದು ಎಲ್ಲ ಆ ನೀರಿನ ಜೊತೆ ಹೋಗಬೇಕು. ನೋಡುವವಳು ದಿನವೂ ಬಗ್ಗಿ ಹೋಗಿ ಅಕ್ಕನ ತಲೆ ಬಾಚಿ, ಗಂಜಿ ಕುಡಿಸಿ, ಬಗ್ಗಿ ಬಂದು ಮೂರು ಸಲ ಉಗಿಯುತ್ತಿದ್ದಳು.

ಒಂದು ದಿನ ಅಕ್ಕ ಕೇಳಿದಳು. "ನಿನ್ನೆ ಬೆಟ್ಟದವರು ಗಂಟು ತಂದಿಟ್ಟರು. ನಾನು ಒದ್ದೆನಂತಲ್ಲ, ಒಳಗೆ ಏನಾಯ್ತೇ?"

"ಹೊಸ ಮನೆಗೆ ಪಾಯ ತೋಡಿದರು."

"ಒಂದೇ ಮನೆಯಾ?"

"ಒಂದೇ."

ಅಕ್ಕ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. "ಕೈಗೆ ಗಂಟು ಬಂದದ್ದು ಗೊತ್ತಾಗುತ್ತೆ. ಒದ್ದದ್ದು ಗೊತ್ತಾಗಲ್ಲ. ಇಲ್ಲಿಂದ ಅಲ್ಲಿಗೆ ಅದು ಹೇಗೆ ಹೋಗುತ್ತೆ ಅಂತ ನನಗೇ ತಿಳಿಯಲ್ಲ ನೋಡು. ನೀನು ಒಳಗೂ ಇರ್ತೀಯ, ಹೊರಗೂ ಇರ್ತೀಯ. ನೋಡಿ ಹೇಳು."

ಅದೊಂದು ಮಾತಿಗೆ ನೋಡುವವಳು ಹತ್ತೊಂಬತ್ತು ವರ್ಷ ಕೊಟ್ಟಳು. ಮದುವೆಯಾಗಲಿಲ್ಲ, ಮಗ್ಗ ಕಲಿಯಲಿಲ್ಲ. ಮೇಣ ಕಾಯಿಸಿ ಗೋಡೆಯವರ ಅಂಗೈಯ ಅಚ್ಚು ತೆಗೆದಳು. ಗಂಟಿನ ಯಾವ ಉಬ್ಬು ಅಂಗೈಯ ಯಾವ ತಗ್ಗಿಗೆ ಕೂರುತ್ತದೆ ಎಂದು ನೋಡಿದಳು. ಒಂದು ಉಬ್ಬನ್ನು ಸವೆಸಿ ಕೊಟ್ಟು ನೋಡಿದಳು, ಇನ್ನೊಂದನ್ನು ಸವೆಸಿ ಕೊಟ್ಟು ನೋಡಿದಳು. ಹೊರಗೆ ಗಂಟು ಇಟ್ಟು, ಕಿಂಡಿಯಲ್ಲಿ ಬಗ್ಗಿ ಒಳಗೋಡಿ, ಹಲಗೆ ಇನ್ನೂ ನಡುಗುತ್ತಿರುವಾಗ ಅದರ ಮೇಲೆ ಕೈಯಿಟ್ಟಳು. ಊರವರಿಗೆ ಇದು ಹುಚ್ಚು. ಆದರೆ ಅಪಾಯವಿಲ್ಲದ ಹುಚ್ಚು.

ಗುರುತು ಇಲ್ಲದಾಗ ಗೋಡೆಯವರ ಕೈ ಸುಮ್ಮನಿರುತ್ತದೆ, ಗುರುತು ಬಂದು ಅದನ್ನು ಎಬ್ಬಿಸುತ್ತದೆ ಎಂದು ಊರೆಲ್ಲ ನಂಬಿತ್ತು. ನೋಡುವವಳೂ ನಂಬಿದ್ದಳು. ಒಂದು ಬೇಸಿಗೆಯಲ್ಲಿ ಅವಳು ಅಕ್ಕನ ಐದು ಬೆರಳಿಗೂ ಐದು ರೇಷ್ಮೆ ಎಳೆ ಕಟ್ಟಿ, ಎಳೆಗಳ ತುದಿಗೆ ಹಕ್ಕಿಯ ಪುಕ್ಕ ಕಟ್ಟಿ ಎದುರು ಕೂತಳು. ಗಾಳಿಯಿರಲಿಲ್ಲ. ಪುಕ್ಕಗಳು ಅಲುಗುತ್ತಿದ್ದವು. ಬೆರಳುಗಳು ಕಣ್ಣಿಗೆ ಕಾಣದಷ್ಟು ಮೆಲ್ಲಗೆ ಮುಚ್ಚಲು ಹೋಗಿ ತೆರೆಯುತ್ತಿದ್ದವು, ಮತ್ತೆ ಮುಚ್ಚಲು ಹೋಗಿ ತೆರೆಯುತ್ತಿದ್ದವು. ಇಡೀ ದಿನ, ನಿದ್ದೆಯಲ್ಲೂ. ಕೈ ಕಾಯುತ್ತ ಕೂತಿರಲಿಲ್ಲ, ಎಲ್ಲ ಬಗೆಯಲ್ಲೂ ಮಡಚಿ ನೋಡುತ್ತಿತ್ತು. ಗುರುತು ಬಂದು ಆ ಬಗೆಗಳಲ್ಲಿ ಒಂದನ್ನು ಹಿಡಿದು ನಿಲ್ಲಿಸುತ್ತಿತ್ತು, ಅಷ್ಟೇ.

ನೋಡುವವಳು ಎದ್ದು ನಿಂತಳು. "ಅಕ್ಕಾ, ನಿನಗೆ ಅದು ಏನನ್ನೂ ಕಲಿಸುವುದಿಲ್ಲ. ನಿನ್ನ ಕೈಗೆ ಎಲ್ಲ ಮೊದಲೇ ಗೊತ್ತಿದೆ."

ಅಕ್ಕ ನಕ್ಕಳು. "ಮತ್ತೆ ನನಗೆ ಯಾಕೆ ಗೊತ್ತಿಲ್ಲ?"

ಇದನ್ನು ಹೇಳಲು ನೋಡುವವಳು ಊರಿನ ಯಜಮಾನರ ಬಳಿ ಹೋದಳು. ಯಜಮಾನರು ಮೆತ್ತನೆ ಮಾತಿನವರು, ಯಾರನ್ನೂ ಬೈದವರಲ್ಲ. ಎಲ್ಲ ಕೇಳಿ, "ಸರಿಯಮ್ಮ. ಇದರಿಂದ ಊರಿಗೆ ಏನಾಯಿತು?" ಎಂದರು. ಯಜಮಾನರು ಬೆಲ್ಲ ನೀರು ಕೊಟ್ಟು ಕಳಿಸಿದರು.

ಆ ವರ್ಷದ ಕೊನೆಗೆ ಅಕ್ಕನಿಗೆ ಜ್ವರ ಬಂತು. ಏಳು ದಿನ ಸುಟ್ಟು ಎಂಟನೆಯ ದಿನ ಬಿಟ್ಟಿತು. ಬಿಡುವಾಗ ಹೆಬ್ಬೆರಳ ಬುಡದಲ್ಲಿ ಒಂದು ಗಂಟನ್ನು ಬಿಟ್ಟುಹೋಯಿತು. ಸಣ್ಣದು, ಸಾಸಿವೆಯಷ್ಟು. ಅಷ್ಟಕ್ಕೇ ಬೆರಳುಗಳು ಮುಚ್ಚಿ ಹಾಗೇ ನಿಂತವು. ಕೈಯಲ್ಲಿ ಏನೂ ಇರಲಿಲ್ಲ. ಬೆಟ್ಟದವರು ಬಂದಿರಲಿಲ್ಲ. ಆದರೂ ಮಣಿಕಟ್ಟು ತಿರುಗಿತು, ಹೆಗಲು ತಿರುಗಿತು, ಒಳಗೆ ಹಿಮ್ಮಡಿ ಬಿತ್ತು. ಧಪ್. ಮತ್ತೆ ಎದ್ದು, ಮತ್ತೆ ಬಿತ್ತು.

ಓಡುವವರು ಓಡಿದರು. ಅವರ ಕೆಲಸ ಓಡುವುದು; ಯಾಕೆಂದು ಕೇಳುವುದಲ್ಲ. ಊರು ಮನೆ ಕಟ್ಟಿತು. ಹಿಮ್ಮಡಿ ಬಿದ್ದಷ್ಟು ಸಲ ಕಟ್ಟಿತು. ಅಂಗಳದಲ್ಲಿ ಕಟ್ಟಿತು, ಬೀದಿಯಲ್ಲಿ ಕಟ್ಟಿತು, ಮನೆಯ ಮೇಲೆ ಮನೆ ಕಟ್ಟಿತು. ಆ ಮನೆಗಳಿಗೆ ಒಲೆಯಿರಲಿಲ್ಲ, ಕಿಟಕಿಯಿರಲಿಲ್ಲ, ಇರಲು ಜನರಿರಲಿಲ್ಲ. ಬೆಳಕು ಬೀದಿಗೆ ಇಳಿಯುವುದು ನಿಂತಿತು. ಒಬ್ಬ ಮುದುಕ ಜಗುಲಿಯಲ್ಲಿ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದಾಗ ಸುತ್ತ ನಾಲ್ಕು ಗೋಡೆ ಎದ್ದವು. ಅವನನ್ನು ಹೊರತೆಗೆಯುವಷ್ಟರಲ್ಲಿ ಉಸಿರು ಹೋಗಿತ್ತು. ಕಟ್ಟಿದವರು ಅತ್ತರು. ಅಳುತ್ತ ಮುಂದಿನ ಮನೆಗೆ ಕಲ್ಲು ಹೊತ್ತರು.

ಯಜಮಾನರು ನೋಡುವವಳನ್ನು ಕರೆಸಿದರು.

"ನೋಡಮ್ಮ, ನಿನ್ನ ಅಕ್ಕನ ಹಿಮ್ಮಡಿ ಕಡಿಯಬೇಕು ಅಂತಿದ್ದಾರೆ ಜನ."

"ಕಾಲು ಹೋದ ಗೋಡೆಯವರು ವಾರ ಬದುಕುವುದಿಲ್ಲ ಯಜಮಾನರೇ."

"ನನಗೆ ಗೊತ್ತಿಲ್ಲವೇ? ಅದಕ್ಕೇ ನಿನ್ನನ್ನು ಕರೆದದ್ದು. ಇಷ್ಟು ವರ್ಷ ಆ ಕೈಯನ್ನು ನೋಡಿದ್ದೀಯ. ಊರಲ್ಲಿ ಇನ್ನೊಂದೇ ಬಯಲು ಉಳಿದಿದೆ. ಅದು ತುಂಬುವ ತನಕ ನಾನು ಜನರನ್ನು ತಡೆಯಬಲ್ಲೆ."

ಕೈ ಮುಚ್ಚಿಕೊಂಡಿದ್ದರೆ ಅದನ್ನು ತೆರೆದೇ ನಿಲ್ಲಿಸುವ ಒಂದು ಗುರುತು ಬೇಕು. ಅಂಗೈಗೆ ಹೊನ್ನೆಯ ಗಂಟೆಂದೇ ಅನ್ನಿಸಬೇಕು, ಆದರೆ ಬೆರಳನ್ನು ಮಡಚಲು ಬಿಡಬಾರದು. ನೋಡುವವಳು ಹಳೆಯ ಅಚ್ಚುಗಳನ್ನೆಲ್ಲ ಹರವಿಕೊಂಡು ಕೂತಳು. ಕೊಂಬಿನಲ್ಲಿ ಕೆತ್ತಿದಳು, ಮೂಳೆಯಲ್ಲಿ ಕೆತ್ತಿದಳು. ಮೊದಲನೆಯದು ಜಾರಿ ಬಿತ್ತು. ಎರಡನೆಯದನ್ನು ಹಿಡಿದ ಕೈ ಇನ್ನೂ ಜೋರಾಗಿ ತಿರುಗಿ, ಆ ದಿನ ಊರಲ್ಲಿ ಒಂದು ಮನೆಯಾಗುವಲ್ಲಿ ಮೂರಾದವು. ಒಂದೊಂದು ಸಲವೂ ಅಕ್ಕನ ಮುಚ್ಚಿದ ಬೆರಳುಗಳ ನಡುವೆ ಸಂದಿ ಮಾಡಿ ಅದನ್ನು ತೂರಿಸಬೇಕಿತ್ತು. ಅಕ್ಕ ಹಲ್ಲು ಕಚ್ಚಿಕೊಳ್ಳುತ್ತಿದ್ದಳು, ಕೂಗುತ್ತಿರಲಿಲ್ಲ.

"ಸಾಕು ಮಾಡ್ಲಾ ಅಕ್ಕಾ?"

"ಎಷ್ಟನೆಯದು ಇದು?"

"ಮೂವತ್ತೊಂದು."

"ಮೂವತ್ತೆರಡು ತಾ."

ನಲವತ್ತಮೂರನೆಯದು ಕೂತಿತು. ಬೆರಳು ತೆರೆಯಿತು, ತೆರೆದೇ ನಿಂತಿತು. ನೋಡುವವಳು ಕಿಂಡಿಯಲ್ಲಿ ಬಗ್ಗಿ ಓಡಿದಳು. ಹಲಗೆಯ ಮೇಲೆ ಹಿಮ್ಮಡಿ ಸುಮ್ಮನೆ ಮಲಗಿತ್ತು. ಓಡುವವರು ತಮ್ಮ ಕಾಲನ್ನು ತಾವೇ ನೋಡಿಕೊಳ್ಳುತ್ತ ನಿಂತಿದ್ದರು. ಕೊನೆಯ ಬಯಲಿನಲ್ಲಿ ಕಲ್ಲು ಹೊತ್ತವನೊಬ್ಬ ಅದನ್ನು ಎಲ್ಲಿಡಬೇಕೆಂದು ತಿಳಿಯದೆ, ಬಹಳ ಹೊತ್ತು ಹಿಡಿದು ನಿಂತು, ನಿಧಾನವಾಗಿ ನೆಲಕ್ಕಿಟ್ಟ.

ಹಬ್ಬವಾಯಿತು. ನೋಡುವವಳನ್ನು ಹೆಗಲ ಮೇಲೆ ಹೊತ್ತರು. ಯಾವಾಗಲೂ ಹುಚ್ಚಿ ಎಂದವರು ಅವಳ ಕಾಲು ಮುಟ್ಟಿದರು. ಮರುದಿನ ಅವಳು ಅಕ್ಕನ ಬಳಿ ಹೋಗಿ, "ನೋವಿದೆಯಾ?" ಎಂದಳು.

"ನೋವಿಲ್ಲ," ಎಂದಳು ಅಕ್ಕ. "ಯಾರೋ ಕೈ ಹಿಡಿದು ಕೂತ ಹಾಗಿದೆ. ಹಿಡಿದಿದ್ದಾರೆ, ಏನೂ ಹೇಳುವುದಿಲ್ಲ, ಬಿಡುವುದೂ ಇಲ್ಲ. ಇನ್ನು ಬೆಟ್ಟದವರು ಬಂದರೂ ನನಗೆ ತಿಳಿಯಲ್ಲ, ಅಲ್ಲವಾ?"

"ನೀನು ಬದುಕಿದೆಯಲ್ಲ ಅಕ್ಕಾ."

"ಹೌದು. ಬದುಕಿದೆ," ಎಂದು ಅಕ್ಕ ಬಾಚಲು ತಲೆ ಬಗ್ಗಿಸಿದಳು.

ಆರು ತಿಂಗಳ ಮೇಲೆ ಯಜಮಾನರು ಅವಳ ಮನೆಗೇ ಬಂದರು. ಈಗ ಅವಳಿಗೆ ದೊಡ್ಡ ಮನೆಯಿತ್ತು, ಕೆತ್ತನೆ ಕಲಿಯುವ ಆರು ಜನ ಹೆಣ್ಣುಮಕ್ಕಳಿದ್ದರು. ಯಜಮಾನರು ಜಗುಲಿಯ ಮೇಲೆ ಕೂತು, ಹುಸಿಗುರುತುಗಳನ್ನು ಒಂದೊಂದಾಗಿ ಎತ್ತಿ ನೋಡಿ ಮೆಚ್ಚಿದರು.

"ಬೂದಿಯ ಕೈಗೂ ಒಂದು ಮಾಡಲಿಕ್ಕಾಗುತ್ತದೆಯೇ?"

"ಅದು ಕೆಟ್ಟಿಲ್ಲವಲ್ಲ ಯಜಮಾನರೇ. ಸಾವಾದಾಗಷ್ಟೇ ಒದೆಯುತ್ತಿದೆ."

"ಹೊರಗೆ ದಿನವೂ ಸಾವಾಗುತ್ತದಮ್ಮ. ಒದ್ದಾಗಲೆಲ್ಲ ನಮ್ಮವರು ಒಲೆ ಆರಿಸಿ ಉಪವಾಸ ಕೂರುತ್ತಾರೆ. ಯಾರೋ ಸತ್ತದ್ದಕ್ಕೆ ನಮ್ಮ ಮಕ್ಕಳು ಯಾಕೆ ಹಸಿದಿರಬೇಕು? ನೀನೇ ಹೇಳು."

ಹಸಿದ ಮಕ್ಕಳನ್ನು ಅವಳೂ ಕಂಡಿದ್ದಳು. ಅಲ್ಲದೆ ಬೂದಿಯ ಕೈಯ ಆಕಾರ ಬೇರೆ, ಕಷ್ಟದ್ದು. ಅದನ್ನು ಗೆಲ್ಲಬೇಕೆಂಬ ಆಸೆ ಅವಳ ಬೆರಳಲ್ಲೇ ಇತ್ತು. ಒಂಬತ್ತನೆಯದಕ್ಕೇ ಕೂತಿತು. ಊರು ಉಪವಾಸ ಬಿಟ್ಟಿತು. ಆಮೇಲೆ ಬೆಂಕಿಯ ಕೈ, ಆಮೇಲೆ ಹಸಿವಿನ ಕೈ. ಪ್ರತಿ ಸಲವೂ ಯಜಮಾನರ ಬಳಿ ಒಂದು ಕಾರಣವಿತ್ತು, ಪ್ರತಿ ಸಲವೂ ಆ ಕಾರಣ ಸುಳ್ಳಾಗಿರಲಿಲ್ಲ.

ಕೊನೆಗೆ ನೀರಿನ ಕೈ ಉಳಿಯಿತು. ಅಲ್ಲಿ ಕೂತಿದ್ದವನು ಗೋಡೆಯವರಲ್ಲೆಲ್ಲ ಹಿರಿಯ, ಎಲ್ಲರಿಗೂ ನೀರಿನಜ್ಜ. ಅವನ ಹಿಮ್ಮಡಿ ಬಿದ್ದರೆ ಊರಿನ ಬಾವಿಗಳಿಗೆಲ್ಲ ಚಪ್ಪಡಿ ಮುಚ್ಚಬೇಕು. ಮುಂದಿನ ಮಳೆಯ ತನಕ ಜನ ಕೆಸುವಿನೆಲೆಯ ಇಬ್ಬನಿ ಕೂಡಿಸಿ, ತೊಟ್ಟಿಯ ತಳ ಬಳಿದು ಕುಡಿಯಬೇಕು. ಹಿಂದಿನ ವರ್ಷ ಹಾಗೆ ಮುಚ್ಚಿದಾಗ ಬಾವಿಯ ನೀರು ಕೆಟ್ಟೇ ಇರಲಿಲ್ಲವೆಂದು ಆಮೇಲೆ ತಿಳಿಯಿತು. ಬಾಯಾರಿದ ಆ ತಿಂಗಳುಗಳನ್ನು ಊರು ಮರೆತಿರಲಿಲ್ಲ.

ನೋಡುವವಳು ಹಿಂಜರಿದಳು. "ಇದೊಂದು ಬೇಡ ಯಜಮಾನರೇ."

"ನಿನ್ನ ಅಕ್ಕನ ಕೈ ಸುಮ್ಮನೆ ಕೂಗಿತ್ತು, ನೀನೇ ನಿಲ್ಲಿಸಿದೆ. ಈತನದೂ ಸುಮ್ಮನೆ ಕೂಗುತ್ತದೆ. ಅವಳದು ತಪ್ಪು, ಇವನದು ಸರಿ ಅಂತ ಹೇಗೆ ಹೇಳುತ್ತೀ?"

ಹೇಗೆ ಹೇಳಬೇಕೆಂದು ಅವಳಿಗೆ ತಿಳಿಯಲಿಲ್ಲ. ತಿಳಿಯಲಿಲ್ಲವೆಂದು ಒಪ್ಪಿಕೊಳ್ಳಲೂ ಈಗ ಅವಳಿಗೆ ಕಷ್ಟವಾಗಿತ್ತು. ಕೆತ್ತಿದಳು. ಅಜ್ಜನ ಕೈ ವಯಸ್ಸಿಗೆ ನಡುಗುತ್ತಿದ್ದುದರಿಂದ ಹುಸಿಗುರುತು ಉದುರಿ ಉದುರಿ ಬೀಳುತ್ತಿತ್ತು. ಅವಳು ಹಲಸಿನ ಅಂಟಿಗೆ ಅರಗು ಸೇರಿಸಿ ಕಾಯಿಸಿ ಗುರುತಿನ ಬೆನ್ನಿಗೆ ಬಳಿದಳು. ಮತ್ತೆ ಬೀಳಲಿಲ್ಲ. ಎಂದಿಗೂ ಬೀಳದಂಥದ್ದನ್ನು ತಾನು ಮೊದಲ ಬಾರಿಗೆ ಮಾಡಿದೆನೆಂದು ಅವಳಿಗೆ ಆ ಸಂಜೆ ಒಳಗೊಳಗೇ ಹೆಮ್ಮೆಯಾಗಿತ್ತು.

ಊರು ಸುಖವಾಗಿತ್ತು. ಯಾವ ಹಲಗೆಯೂ ಸದ್ದು ಮಾಡಲಿಲ್ಲ. ಸುದ್ದಿಯಿಲ್ಲವೆಂದರೆ ಹೊರಗೆ ಎಲ್ಲ ಸರಿಯಾಗಿದೆ ಎಂದೇ ಅರ್ಥವಲ್ಲವೇ ಎಂದು ಜನ ಒಬ್ಬರಿಗೊಬ್ಬರು ಹೇಳಿಕೊಂಡರು. ಹೀಗೆ ನಾಲ್ಕು ವರ್ಷ ಕಳೆಯಿತು.

ಐದನೆಯ ವರ್ಷದ ಒಂದು ಬೆಳಿಗ್ಗೆ, ಬಿಸಿಲು ಏರುವ ಹೊತ್ತಿಗೆ, ನೋಡುವವಳು ಅಕ್ಕನಿಗೆ ಗಂಜಿ ಕುಡಿಸಿ ಬರುತ್ತಿದ್ದಾಗ ನೀರಿನಜ್ಜನ ಮುಂದೆ ಹೊರಗಿನವರ ಸಾಲು ಕಂಡಿತು. ಇಪ್ಪತ್ತು ಜನರಿರಬಹುದು. ಎಲ್ಲರ ಕೈಯಲ್ಲೂ ಏಡಿಯ ಚಿಪ್ಪು. ಎಲ್ಲರ ತುಟಿಯೂ ಕಪ್ಪಾಗಿತ್ತು. ಒಬ್ಬೊಬ್ಬರಾಗಿ ಮುಂದೆ ಬಂದು, ಚಿಪ್ಪನ್ನು ಅಜ್ಜನ ಅಂಗೈಯ ಮೇಲಿಟ್ಟು ಕಾಯುತ್ತಿದ್ದರು. ಅಂಗೈ ಮೊದಲೇ ತುಂಬಿತ್ತು. ಚಿಪ್ಪು ಜಾರಿ ಕೆಳಗೆ ಬೀಳುತ್ತಿತ್ತು. ಇಟ್ಟವರು ಪಕ್ಕಕ್ಕೆ ಸರಿಯುತ್ತಿದ್ದರು, ಮುಂದಿನವರು ಬರುತ್ತಿದ್ದರು.

ಸಾಲಿನ ಕೊನೆಯ ಹೆಂಗಸು ನೋಡುವವಳ ಸೆರಗು ಹಿಡಿದಳು. "ನಮ್ಮಲ್ಲಿ ಮೂರು ದಿನಕ್ಕೆ ಅರ್ಧ ಊರು ಹೋಯಿತು ತಾಯಿ. ನೆಲದಡಿಯ ನೀರೇ ಕೆಟ್ಟಿದೆ. ಅದೇ ನೀರು ಇವತ್ತು ನಿಮ್ಮ ಬಾವಿಗೆ ಬರುತ್ತದೆ. ಇವರ ಕೈ ಯಾಕೆ ಮುಚ್ಚುತ್ತಿಲ್ಲ?"

ನೋಡುವವಳು ಅಜ್ಜನ ಕೈಯನ್ನು ಎರಡೂ ಕೈಯಿಂದ ಹಿಡಿದು ಹುಸಿಗುರುತನ್ನು ಕೀಳಲು ನೋಡಿದಳು. ಬರಲಿಲ್ಲ. ಉಗುರು ಮುರಿಯಿತು. ಕೆತ್ತನೆಯ ಚಾಣ ತೆಗೆದು ಅಂಚಿಗೆ ತೂರಿಸಿ ಮೀಟಿದಳು. ಅಜ್ಜನ ಕಿರುಬೆರಳು ಲಟಕ್ಕೆಂದಿತು, ಗುರುತು ಅಲುಗಲಿಲ್ಲ.

"ಬಿಡವ್ವ," ಎಂದ ಅಜ್ಜ. ಅವನ ಕಣ್ಣಲ್ಲಿ ನೀರು ತುಂಬಿತ್ತು. "ನನಗೆ ಕಾಣ್ತಿದೆ. ಅವರ ತುಟಿ ಕಾಣ್ತಿದೆ, ಚಿಪ್ಪು ಕಾಣ್ತಿದೆ. ಒದಿ ಒದಿ ಅಂತ ಬೆಳಗಿಂದ ಹೇಳ್ತಾ ಇದೀನಿ. ಕಾಲಿಗೆ ಕೇಳಿಸ್ತಿಲ್ಲ. ಕೈ ಹೇಳಿದರೇ ಅದಕ್ಕೆ ಗೊತ್ತಾಗೋದು."

"ಅಜ್ಜಾ, ನಾನು..."

"ನೀನೇ ಹೋಗು. ಒಳಗೆ ಹೋಗಿ ನನ್ನ ಕಾಲನ್ನು ನೀನೇ ಎತ್ತಿ ಬಡಿ."

ಅವಳು ಓಡಿದಳು. ಕಿಂಡಿಯಲ್ಲಿ ಬಗ್ಗಿ ಒಳಗೆ ಬಂದಳು. ಬಾನಿಯ ಬಳಿ ನಿಲ್ಲಲಿಲ್ಲ, ಬಾಯಿ ಮುಕ್ಕಳಿಸಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ. ಗೋಡೆಯುದ್ದಕ್ಕೂ ಓಡಿ ನೀರಿನಜ್ಜನ ಕಾಲಿದ್ದಲ್ಲಿಗೆ ಬಂದು ನೋಡಿದರೆ ಹಲಗೆಯ ಮೇಲೆ ಯಾರೋ ಹಪ್ಪಳ ಒಣಹಾಕಿದ್ದರು. ಅವಳು ಅದನ್ನೆಲ್ಲ ಕೈಯಿಂದ ಗೋರಿ ಎಸೆದು, ಅಜ್ಜನ ಹಿಮ್ಮಡಿಯನ್ನು ಎತ್ತಿ ಬಡಿದಳು. ಧಪ್. ಮತ್ತೆ ಎತ್ತಿ ಬಡಿದಳು. ಹಿಮ್ಮಡಿಯ ಚರ್ಮ ಒಡೆದು ರಕ್ತ ಬಂತು. ಯಾರೂ ಎದ್ದು ಓಡಲಿಲ್ಲ. ಓಡುವವರ ಕಟ್ಟೆ ಖಾಲಿಯಿತ್ತು. ನಾಲ್ಕು ವರ್ಷ ಸದ್ದಿಲ್ಲದ ಹಲಗೆಯ ಬಳಿ ಸುಮ್ಮನೆ ಕೂತು ಏನು ಮಾಡುವುದೆಂದು ಅವರು ಎಂದೋ ಬೇರೆ ಕೆಲಸ ಹಿಡಿದಿದ್ದರು. ಒಬ್ಬ ಬಳೆ ಮಾರುತ್ತಿದ್ದ. ಒಬ್ಬನಿಗೆ ಮಂಡಿನೋವು.

ಅವಳು ಬೀದಿಗಿಳಿದು ಕೂಗಿದಳು. "ನೀರು ಕುಡಿಯಬೇಡಿ! ಬಾವಿ ಮುಚ್ಚಿ! ನೀರು ಕೆಟ್ಟಿದೆ!"

ಜನ ಬಾಗಿಲಿಗೆ ಬಂದರು. ಅವಳು ಅವರಿಗೆ ಬೇಕಾದವಳು; ಯಾರೂ ನಗಲಿಲ್ಲ. ಆದರೆ ಮಾತು ಸುದ್ದಿಯಲ್ಲ. ಹಿಮ್ಮಡಿಯ ಸದ್ದು ಯಾರಿಗೂ ಕೇಳಿರಲಿಲ್ಲ, ಓಡುವವರು ಬಾಗಿಲು ಬಡಿಯಲಿಲ್ಲ, ಇವಳೊಬ್ಬಳು ಹೇಳುತ್ತಿದ್ದಾಳೆ. ಅದೂ ಹೊರಗಿನ ಮಾತು, ಉಗಿಯದೆ ತಂದ ಮಾತು. ಯಜಮಾನರು ತಮ್ಮ ಮನೆಯ ಜಗುಲಿಯಿಂದಲೇ, "ಬಿಸಿಲಿಗೆ ಹೋಗಿದ್ದಳೆಂದು ಕಾಣುತ್ತದೆ. ಯಾರಾದರೂ ನೆರಳಿಗೆ ಕರೆದು ಕೂರಿಸಿ," ಎಂದರು. ಅವಳು ಅವರ ಜಗುಲಿ ಹತ್ತಿ, ಅವರ ಎರಡೂ ಭುಜ ಹಿಡಿದು ಅಲುಗಿಸಿದಳು. "ಆ ಕೈ ಸುಮ್ಮನಿರುವುದು ನಾನು ಸುಮ್ಮನಿರಿಸಿದ್ದಕ್ಕೆ! ನೀವು ಹೇಳಿದಿರಿ, ನಾನು ಮಾಡಿದೆ!" ಯಜಮಾನರು ಅವಳ ಕೈಗಳನ್ನು ಮೆಲ್ಲಗೆ ಬಿಡಿಸಿಕೊಂಡರು. "ಒಳ್ಳೆಯದನ್ನೇ ಮಾಡಿದೆಯಮ್ಮ," ಎಂದರು.

ಅವಳು ಮನೆ ಮನೆ ಹತ್ತಿದಳು. ಬಾವಿಯ ಹಗ್ಗ ಕೊಯ್ದಳು. ಇನ್ನೊಂದು ಹಗ್ಗ ಬಂತು. ಕೊಡ ಒಡೆದಳು, ಪಾಪ ಎಂದು ಚೂರು ಗುಡಿಸಿದರು. ದನಿ ಬಿದ್ದುಹೋಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ಊರಿನ ಕೊನೆಯ ಮನೆಯ ಹೊಸ್ತಿಲ ಮೇಲೆ ಕುಸಿದು ಕೂತಳು. ಆ ಮನೆಯ ಒಡತಿ ಓಡಿ ಬಂದು, ಗೋಡೆಗೆ ಒರಗಿಸಿ, ಸೆರಗಿನಿಂದ ಗಾಳಿ ಹಾಕಿದಳು. ಒಳಗೆ ಹೋಗಿ ಹಿತ್ತಾಳೆ ಲೋಟದ ತುಂಬ ನೀರು ತಂದಳು.

"ಒಂದು ಗುಟುಕು ಕುಡಿಯಿರಿ ಅಕ್ಕಾ. ಗಂಟಲು ಒಣಗಿಹೋಗಿದೆ ನಿಮಗೆ."

ನೋಡುವವಳು ತಲೆಯಾಡಿಸಿದಳು. ಲೋಟವನ್ನು ತಳ್ಳಲು ಕೈಯೆತ್ತಿದಳು; ಕೈ ಅರ್ಧಕ್ಕೇ ನಿಂತು ತೊಡೆಯ ಮೇಲೆ ಬಿತ್ತು.

"ನಮ್ಮ ಮನೆಯ ನೀರು ಬೇಡವೇ?" ಒಡತಿಯ ಮುಖ ಸಣ್ಣದಾಯಿತು. "ನಿಮ್ಮಿಂದಲೇ ನಾವು ಈ ನಾಲ್ಕು ವರ್ಷ ಹೊಟ್ಟೆ ತುಂಬ ನೀರು ಕುಡಿದವರು. ಈಗಷ್ಟೇ ಸೇದಿದ್ದು, ನೋಡಿ, ತಳ ಕಾಣುತ್ತಿದೆ."

ನೋಡುವವಳು ಅವಳ ಮಣಿಕಟ್ಟನ್ನು ಹಿಡಿದುಕೊಂಡು, ಬೇಡ ಬೇಡ ಎಂದು ತುಟಿ ಅಲುಗಿಸಿದಳು.

"ಹೆದರಬೇಡಿ," ಎಂದಳು ಒಡತಿ, ಚಿಕ್ಕ ಮಗುವಿಗೆ ಹೇಳುವ ಹಾಗೆ. "ಏನೂ ಆಗುವುದಿಲ್ಲ, ನಾನೇ ಕುಡಿದು ತೋರಿಸುತ್ತೇನೆ." ಹಿಡಿದ ಕೈಯನ್ನು ನಗುತ್ತಲೇ ಬಿಡಿಸಿಕೊಂಡು, ಲೋಟ ಎತ್ತಿ, ನಿಲ್ಲಿಸದೆ ಅಷ್ಟೂ ಕುಡಿದಳು. ಸೆರಗಿನ ತುದಿಯಿಂದ ಬಾಯಿ ಒರಸಿಕೊಂಡಳು. "ಎಷ್ಟು ಸಿಹಿಯಾಗಿದೆ," ಎಂದು, ಒಳಗೆ ಎಲೆ ಹಾಕಿ ಕಾಯುತ್ತಿದ್ದ ಅತ್ತೆಗೂ ಮಕ್ಕಳಿಗೂ ಬಡಿಸಲು ಕೊಡ ಎತ್ತಿಕೊಂಡು ಹೋದಳು.